ನಾಕು ಮಿಲಿಮೀಟರ್

ಅಂವ ಸೋಮವಾರ ಬಂದ, ಕೈಯಾಗೊಂದು ಗಾಲಿ ಹಿಡಕೊಂಡು.
ಕಾರಿಂದಲ್ಲ, ಅಳತಿದು. ಕೋಲಿಗೆ ಸಿಗಿಸಿದ ಒಂಟಿ ಗಾಲಿ,
ಟಿಕ್ ಟಿಕ್ ಅಂತ ಮೀಟರ್ ಎಣಿಸತೈತಿ.
ಕುಠ್ಠಾಳಿ ಮ್ಯಾಗಿನ ಸಡಾದಾಗ, ಕೆಂಪು ಕಲ್ಲಿನ ಬಯಲಿನಾಗ
ನಮ್ಮ ಟ್ರ್ಯಾಕ್ ಮಲಗೇತಿ ನೋಡ್ರಿ,
ಎರಡು ಕಿಲೋಮೀಟರ್ ಮುನ್ನೂರು ಮೀಟರ್, ಒಂಬತ್ತು ತಿರುವು.
ಐತವಾರ ವಾಸ್ಕೋ, ಮಡಗಾಂವ ಹುಡುಗರು ಬಂದು
ಸಾಲದ ಬೈಕ್ ಓಡಸ್ತಾರ, ಮೊಣಕಾಲು ಕೆತ್ತಕೊಂಡು ಹೋಗ್ತಾರ.

ಇಲ್ಲಿ ಆ ದೊಡ್ಡ ರೇಸ್ ಆಗತೈತೇನು,
ಇಡೀ ಜಗತ್ತು ಟಿವಿ ಮುಂದ ಕುಂತು ನೋಡೂದು,
ಅದನ್ನ ಹೇಳಾಕ ಬಂದಾನ ಈ ಯೋರ್ಗೆನ್ ಸಾಹೇಬ.
ಮಾಲಕ ಅವೆರ್ತಾನ್ ಬಾಬ್ ಇಸ್ತ್ರಿ ಅಂಗಿ ಹಾಕ್ಯಾನ.
ನನಗ ಹೇಳ್ಯಾನ: "ಬಾಳಪ್ಪ, ನೀ ರೋಲರ್ ಹಿಂದ ನಿಲ್ಲು, ಕಾಣಬ್ಯಾಡ."
ನಿಂತ್ನಿ. ಹತ್ತು ಟನ್ನಿನ ಹಿಂದ ಯಾರು ನಿಂತ್ರೂ ಕಾಣೂದಿಲ್ಲ ಬಿಡ್ರಿ.

ಅಗಲ ಹನ್ನೆರಡು ಬೇಕಂತ. ನಮ್ಮದು ಹತ್ತೂವರಿ.
ಜಾರಿದ ಗಾಡಿ ನಿಲ್ಲಾಕ ಬದಿಗೆ ಬಯಲು ಬೇಕಂತ.
ಮೂರನೇ ತಿರುವಿನಾಗ ಬಯಲೇನೋ ಐತಿ,
ಆದ್ರ ಅದು ಪಿಯೆದಾದ್ ಮಾಯಿದು. ಹನ್ನೊಂದು ಗೇರು ಗಿಡ,
ನಡುಕ ಒಂದು ಸುಣ್ಣದ ಶಿಲುಬಿ, ಅದಕ್ಕ ದಿನಾ ಹೂವು.
ಸಾಹೇಬ ಶಿಲುಬಿ ಮುಂದ ಟೊಪ್ಪಿಗಿ ತಗದ.
ಆಮ್ಯಾಲೆ ಗಾಲಿ ಉರುಳಿಸಿ ಬರಕೊಂಡ: ಹದಿನಾಲ್ಕು ಮೀಟರ್.
ಮಾಯಿ ಹಣ್ಣು ಆರಿಸೂದು ನಿಲ್ಲಿಸಲಿಲ್ಲ.
"ರೇಸಿನ ದಿನ ಉರ್ರಾಕ್ ಮಾರಾಕ ಬಿಡ್ತೀರೇನು?"
ಅಷ್ಟ ಕೇಳಿದ್ಳು.

ಹೆಲಿಕಾಪ್ಟರ್ ಎಲ್ಲಿ ಇಳೀತೈತಿ, ದವಾಖಾನಿ ಎಲ್ಲಿ?
ಅವೆರ್ತಾನ್ ಬಾಬ್ ದಾಬೋಳಿ ಕಡಿ ಕೈ ತೋರಿಸಿದ.
ಅದ ಹೊತ್ತಿಗೆ ಒಂದು ವಿಮಾನ, ಹೇಳಿಕೊಟ್ಟ ಸಾಕ್ಷಿಯಂಗ, ಇಳೀತು.

ಐದನೇ ತಿರುವಿಗೆ ಬಂದು ಸಾಹೇಬ ಮೊಣಕಾಲೂರಿದ.
ಉದ್ದಕ ಒಂದು ಪಟ್ಟಿ ಇಟ್ಟ ರೋಡಿನ ಮ್ಯಾಲ.
ಪಟ್ಟಿ ಅಡಿಗೆ ಬೆಳಕು ಹಾದು ಬಂತು.
ನನ್ನ ಹೊಟ್ಟಿ ಚುರುಕ್ ಅಂತು.

ಆರು ವರ್ಷದ ಹಿಂದ, ಮೇ ತಿಂಗಳು, ಡಾಂಬರು ಹೊಗಿ ಆಡತಿತ್ತು.
ಬಿಸಿ ಡಾಂಬರಿನ ಮ್ಯಾಲ ರೋಲರ್ ನಿಲ್ಲಿಸಬಾರದು,
ನನ್ನ ಕಸುಬಿನ ಒಂದನೇ ಪಾಠ ಇದು. ಅವತ್ತ ನಿಲ್ಲಿಸಿದ್ನಿ.
ಚಿಖಲಿ ದವಾಖಾನ್ಯಾಗಿಂದ ಅತ್ತಿ ಫೋನ್ ಹಚ್ಚಿದ್ಳು:
ಕೂಸಿನ ಕೊಳ್ಳಿಗೆ ಬಳ್ಳಿ ಸುತ್ತಿಕೊಂಡಿತ್ತು, ಅಳವಲ್ತು.
ಕಿವಿಗೆ ಫೋನ್ ಇಟ್ಕೊಂಡು ಕುಂತ್ನಿ.
ಎಂಜಿನ್ ನಡದಿತ್ತು, ಗಾಡಿ ನಿಂತಿತ್ತು.
ಎಷ್ಟೊತ್ತು? ಗೊತ್ತಿಲ್ಲ.
ಆಮ್ಯಾಲೆ ಅತ್ತಿತು.
ಕೇಳಿ, ಮೂಗು ಒರಸಿಕೊಂಡು, ಗೇರ್ ಹಾಕೂದ್ರಾಗ
ಡಾಂಬರು ತಣ್ಣಗಾಗಿತ್ತು.

ನೀಲವ್ವ ಈಗ ಒಂದನೇತ್ತ, ಝುವಾರಿ ನಗರದ ಸಾಲಿ.

"ನಾಕು ಮಿಲಿಮೀಟರ್," ಸಾಹೇಬ ಹೇಳಿದ.
ಮುನ್ನೂರರ ವೇಗದಾಗ ಇದು ಗಾಡಿ ಎತ್ತತೈತಿ ಅಂತ.
ಯಾರು ಮಾಡಿದ್ದು ಅಂತೇನೂ ಕೇಳಲಿಲ್ಲ.
ನಾನ ರೋಲರ್ ಹಿಂದಿಂದ ಬಂದು
ಬರೂವಷ್ಟು ಹಿಂದ್ಯಾಗ ಅಂದ್ನಿ: ಅದು ನಂದರಿ.
ಅವೆರ್ತಾನ್ ಬಾಬ್ ನನ್ನ ನುಂಗೂವಂಗ ನೋಡಿದ.

ಸಂಜಿಗೆ ಉತ್ತರ ಬಂತು. ದೊಡ್ಡ ರೇಸ್ ಆಗೂದಿಲ್ಲ.
ಕೆಳಗಿನ ದರ್ಜೆ ಬೈಕಿಗೆ ಬೇಕಾದ್ರ ನೋಡಬಹುದು,
ಟೈರಿನ ಗ್ವಾಡಿ ಇನ್ನೆರಡು ಸಾಲು ಕಟ್ಟಿದ್ರ.
ಅವೆರ್ತಾನ್ ಬಾಬ್ ಅಂಗಿ ತೋಳು ಮಡಚಿದ.
ಗೇರಿನ ಹೊಸ ಉರ್ರಾಕ್ ತರಸಿದ, ಮಾಯಿಗೆ ರೊಕ್ಕ ಕೊಟ್ಟ.

ಸಾಹೇಬ ಗ್ಲಾಸ್ ಹಿಡಕೊಂಡು ರೋಲರ್ ಕಡಿ ಬಂದ.
ಒಂದು ಸುತ್ತು? ಬೆರಳು ತಿರುವಿ ಕೇಳಿದ.
ತಾಸಿಗೆ ಮೂರು ಕಿಲೋಮೀಟರ್ ನಮ್ಮ ವೇಗ,
ನಲವತ್ತಾರು ನಿಮಿಷ ಹಿಡೀತು.
ಈ ಟ್ರ್ಯಾಕಿನ ಮ್ಯಾಲ ನನ್ನಷ್ಟು ಸುತ್ತು ಹೊಡದಾಂವ ಯಾವನೂ ಇಲ್ಲ.
ಟಿಟ್ಟಿಬ ಹಕ್ಕಿ ಮೊಟ್ಟಿ ಇಟ್ಟ ಜಾಗಾ ತೋರಿಸಿದ್ನಿ,
ಜೂನ್‌ದಾಗ ನೀರು ನಿಲ್ಲೂ ತಗ್ಗು ತೋರಿಸಿದ್ನಿ,
ಯಾರೋ ಬಿದ್ದು ಬಿಟ್ಟುಹೋದ ಕನ್ನಡಿ ಚೂರು.
ಅಂವ ಒಂದೂ ಬರಕೊಳ್ಳಲಿಲ್ಲ.

ಐದನೇ ತಿರುವು.
ಹತ್ತು ಟನ್ ಗಾಡಿಗೆ ನಾಕು ಮಿಲಿಮೀಟರ್
ಗೊತ್ತಾಗಬಾರದು ಖರೆ ಹೇಳಬೇಕಂದ್ರ.
ಅಂವ ಗ್ಲಾಸ್ ನೋಡಿದ.
ಉರ್ರಾಕ್ ಒಂಚೂರು ಅಲುಗಿತ್ತು.