ಅರ್ಧ ಗಂಟೆಯ ಕತ್ತಲೆ

ಯಂತ್ರದ ಹೊಟ್ಟೆಯಲ್ಲಿ ಕಣ್ಣು ಬಿಟ್ಟವು,
ಸಂಘದ ಲೆಕ್ಕದಲ್ಲಿ ತಲೆಗೆ ಹನ್ನೆರಡರಂತೆ
ಮಂಡ್ಯದಿಂದ ಕೆರಗೋಡಿಗೆ ಬಂದವು
ರಟ್ಟಿನ ಡಬ್ಬದಲ್ಲಿ, ಬಸ್ಸಿನ ಬಾನೆಟ್ಟಿನ ಮೇಲೆ.
ರೆಕ್ಕೆಯ ಮರೆ ಕಂಡವಲ್ಲ, ಕೊಕ್ಕಿನ ಗದರಿಕೆ ಕೇಳಿದವಲ್ಲ.
"ತಾಯಿಲ್ಲದ ಪಿಳ್ಳೆಗಳು ಕನವ್ವ,
ಸಂಜೆ ಅನ್ನೋದ ಯಾರು ಹೇಳಿಕೊಟ್ಟಾರು ಇವುಕ್ಕೆ?"
ಅಂದಳು ಅತ್ತೆ ಮರಿಚನ್ನಮ್ಮ, ಎಲೆಗೆ ಸುಣ್ಣ ಸವರುತ್ತ.

ಗೂಡು ಕಟ್ಟಿದ್ದು ನಾನೇ.
ಟೊಮೆಟೊ ಕ್ರೇಟು, ಆಲೆಮನೆಯ ತುಕ್ಕು ತಗಡು,
ಬಾಗಿಲಿಗೆ, ರೇಷ್ಮೆ ಬಿಟ್ಟ ಮೇಲೆ
ಮೂಲೆ ಸೇರಿದ್ದ ಅರ್ಧ ಚಂದ್ರಿಕೆ.
ಒಳಗೆ ಅಡ್ಡಕ್ಕೊಂದು ಹುಣಸೆಯ ಕೊಂಬೆ,
ಬೆರಳನ್ನು ಹೊಟ್ಟೆಯಡಿ ಮುಚ್ಚಿಕೊಂಡು
ಕೂರಲಾಗುವಷ್ಟು ಅಗಲ.
ಮೂರು ಹಗಲು ಮೂರು ರಾತ್ರಿ ಅಲ್ಲೇ ಕೂಡಿದೆ,
ನಾಲ್ಕನೆಯ ಬೆಳಿಗ್ಗೆ ಬಿಟ್ಟೆ.

ಸಂಜೆಗೆ
ಹನ್ನೆರಡೂ ನಿಂತಿದ್ದವು ಬೀದಿಯಲ್ಲಿ
ಪಂಚಾಯ್ತಿಯ ಹೊಸ ದೀಪದ ಕೆಳಗೆ
ಹಾಲು ಚೆಲ್ಲಿದಂಥ ಬೆಳಕಲ್ಲಿ ಹುಳ ಹೆಕ್ಕುತ್ತ.
ಸೂರ್ಯ ಕಬ್ಬಿನಾಚೆ ಇಳಿದದ್ದು
ಅವಕ್ಕೆ ಯಾರ ಮನೆಯ ಸಮಾಚಾರ?
ಬಾ ಬಾ ಬಾ ಎಂದೆ, ರಾಗಿ ಎರಚಿದೆ,
ತಟ್ಟೆ ಬಡಿದೆ, ಸೀರೆ ಎತ್ತಿಕಟ್ಟಿ ಓಡಿದೆ.
ಒಂದು ಚರಂಡಿಗೆ, ಎರಡು ಟ್ರಾಲಿಯಡಿಗೆ,
ಒಂದು ಜವರಣ್ಣನ ಮೊಪೆಡ್ಡಿನ ಹ್ಯಾಂಡಲ್ಲಿಗೆ.
ಹಿಡಿದು ತುಂಬಿದವು ಹನ್ನೊಂದು.
ಬೆಳಿಗ್ಗೆ ನಾಲೆ ಏರಿಯ ಮೇಲೆ
ಹಿಡಿಯಷ್ಟು ಚುಕ್ಕೆ ಗರಿ,
ಪಕ್ಕದ ಕೆಸರಲ್ಲಿ ಕಾಡುಬೆಕ್ಕಿನ ಹೆಜ್ಜೆ.

ಹೋಗಿ ನಿಂತೆ ನೀರುಗಂಟಿ ದ್ಯಾವರಾಜನ ಮುಂದೆ.
ಬೀದಿದೀಪದ ಸ್ವಿಚ್ಚೂ ಅವನ ಕೈಯಲ್ಲೇ.
"ಅಣ್ಣ, ದೀಪ ಬ್ಯಾಡ ಅಂತಲ್ಲ.
ಆರೂವರೆಯಿಂದ ಏಳರಗಂಟ
ಒಂದೆಂಟು ದಿವ್ಸ
ನಮ್ಮ ಬೀದಿಗೆ ಕತ್ತಲೆ ಕೊಡು."
ನೀರು ಕೇಳುವವರು ಗೊತ್ತು ಅವನಿಗೆ,
ನೀರಿಗೆ ಬಯ್ಯುವವರೂ ಗೊತ್ತು.
ಕತ್ತಲೆ ಕೇಳಿ ಬಂದವಳನ್ನು
ಬೀಡಿ ಬೆರಳಲ್ಲೇ ಆರುವತನಕ ನೋಡಿದ.
"ಮೊಟ್ಟೆ ಇಕ್ಕಿದ ಮ್ಯಾಲೆ ಮರೀಬ್ಯಾಡ" ಅಂದ.

ಹಾಗೆ ಮಂಜೂರಾಯಿತು ಕತ್ತಲೆ.
ಗೂಡೊಳಗೆ ಮಗನ ಟಾರ್ಚು ತೂಗುಹಾಕಿದೆ,
ಬ್ಯಾಟರಿ ಸಾಯುತ್ತಿದ್ದದ್ದು, ಅಂಗೈಯಗಲ ಹಳದಿ.
ಹೊರಗೆ ತನ್ನ ಕಾಲೂ ಕಾಣದ ಕೋಳಿಗೆ
ಒಳಗೊಂದು ಕೊಂಬೆ ಕಾಣಬೇಕು, ಅಷ್ಟೇ.
ಒಂದು ಕತ್ತು ನೀಡಿತು. ಹಿಂದೆ ಸರಿಯಿತು.
ಮತ್ತೆ ನೀಡಿತು.

ಬೀದಿಯವರು ಬಯ್ದುಕೊಂಡೇ ಜಗಲಿಗೆ ಬಂದರು,
ಮುಖ ಕಾಣದೆ ಯಾರನ್ನೋ ಯಾರೋ ಮಾತಾಡಿಸಿದರು.
ಬೇಲಿಯ ಜಗಳಕ್ಕೆ ಮೂರು ವರ್ಷ ಮಾತು ಬಿಟ್ಟಿದ್ದ ತಿಬ್ಬಮ್ಮ
ತನ್ನ ಮೆಟ್ಟಿಲಿನಿಂದ
"ಎಷ್ಟು ಒಳಿಕ್ಕೆ ಹೋದೊ?" ಅಂದಳು
ನನ್ನನ್ನೇ ಕೇಳಿದ್ದೆಂದು ಯಾರಿಗೂ ತಿಳಿಯದ ಹಾಗೆ.
"ಏಳು" ಅಂದೆ ನಾನು, ಕತ್ತಲೆಗೆ.

ಒಂಬತ್ತನೆಯ ಸಂಜೆ ದೀಪ ಹೊತ್ತಿಗೆ ಸರಿಯಾಗಿ ಉರಿಯಿತು.
ಅದರಡಿ ಹುಳಗಳು ಮಾತ್ರ, ಹೆಕ್ಕುವವರಿಲ್ಲದೆ.
ತಿಬ್ಬಮ್ಮ ಬಾಗಿಲು ಹಾಕಿಕೊಂಡಳು.

ಒಂದು ಮಾತ್ರ ಒಗ್ಗಲಿಲ್ಲ,
ಬೆರಳು ಸೊಟ್ಟಗಿನ ಕೆಂಚು ಹ್ಯಾಟೆ.
ಬಾಗಿಲತನಕ ಬಂದು, ಹಾರಿ
ತಗಡಿನ ಮೇಲೇ ಕೂರುವುದು.
ಪಾತ್ರೆ ತೊಳೆದ ಒದ್ದೆ ಕೈಯಲ್ಲೇ
ದಿನಾ ರಾತ್ರಿ ಹೋಗಿ ಎತ್ತುತ್ತಿದ್ದೆ.
ಬಿಸಿ ರೊಟ್ಟಿಯಷ್ಟು ಬಿಸಿ, ಹತ್ತಿಯ ತೂಕ,
ಅಂಗೈಯಲ್ಲಿ ಅದರ ಎದೆ ದಡದಡ.
ಕೊಂಬೆಗೆ ಕೂರಿಸಿದರೆ ಅತ್ತೆಯ ಹಾಗೆ ಗೊಣಗುವುದು.
ಕಾರ್ತೀಕ ಕಳೆಯುವತನಕ ಹೀಗೇ.

ನಿನ್ನೆ ತಗಡಿನ ಮೇಲೆ ಇರಲಿಲ್ಲ.
ನಾಲೆಯ ಕಡೆ ಕಿವಿಗೊಟ್ಟೆ. ನೀರಿನ ಸದ್ದು.
ಎದೆ ಹಾರಿ, ಕೂತು ಒಳಗೆ ಬೆಳಕು ಬಿಟ್ಟು ಎಣಿಸಿದೆ:
ಹತ್ತು. ಮತ್ತೆ ಎಣಿಸಿದೆ.
ತೀರಾ ಕೊನೆಗೆ, ಗೋಡೆಗೆ ಒತ್ತಿಕೊಂಡು,
ಸೊಟ್ಟ ಬೆರಳು ಕಾಣದಂತೆ ಹೊಟ್ಟೆಯಡಿ ಮುಚ್ಚಿ
ಹನ್ನೊಂದು.

ಚಾಚಿದ್ದ ಕೈಯನ್ನು
ಸೆರಗಿಗೆ ಒರೆಸಿಕೊಂಡು
ಚಿಲಕ ಹಾಕಿದೆ.