ಗುಂಡಿ

ಕೌಲ್ ಬಜಾರಿನ ಹಿಂದಿನ ಗಲ್ಲಿ, ತಗಡಿನ ಮಾಡು,
ಹನ್ನೊಂದು ಮಿಷಿನು, ಕೆಟ್ಟ ಕೂಲರೊಂದು.
ಕಟಿಂಗ್ ಮೇಜಿನ ಕೆಳಗೆ ಜೀನ್ಸಿನ ಚೂರುಗಳ ಗುಡ್ಡೆಯಲ್ಲಿ
ಕೆಂಚಿ ನಾಲ್ಕು ಮರಿ ಹಾಕಿತ್ತು.
ಒಂದಕ್ಕೆ ಹಣೆ ಮೇಲೆ ದುಂಡನೆ ಬಿಳಿ ಮಚ್ಚೆ,
ಖಾಜಾಬಿ ಅದನ್ನು ಗುಂಡಿ ಅಂದಳು,
ಎರಡು ಹೊಲಿಗೆ ಹಾಕಿದ ಹಾಗೆ ಹೆಸರು ಕೂತುಬಿಟ್ಟಿತು.

ಆರನೆಯ ವಾರ.
ಉಳಿದವು ಚಿಂದಿ ಕಚ್ಚಿ ಜಗ್ಗಾಡುವಾಗ
ಗುಂಡಿ ಎರಡೂ ಹಿಂಗಾಲು ಕೂಡಿಸಿ ಮೊಲದಂತೆ ನೆಗೆಯಿತು.
ನಕ್ಕೆವು. ನಾನೇ ಜಾಸ್ತಿ ನಕ್ಕೆ.
ಮುಂದಿನ ಶುಕ್ರವಾರಕ್ಕೆ ಆ ಕಾಲು ಮಡಚಲೊಲ್ಲವು,
ಗಂಜಿ ಹಾಕಿ ಇಸ್ತ್ರಿ ಹೊಡೆದ ಹಾಗೆ
ನೆಟ್ಟಗೆ ಮುಂದಕ್ಕೆ ಚಾಚಿ.
ಬಾಲ ಮಾತ್ರ
ಏನೂ ಆಗಿಲ್ಲವೆಂಬಂತೆ ಆಡುತ್ತಲೇ ಇತ್ತು.

ದೃಷ್ಟಿ ಅಂದರು. ಬೈಕು ಹಾಯಿತು ಅಂದರು,
ಯಾವ ಬೈಕು, ಯಾರಿಗೂ ಗೊತ್ತಿಲ್ಲ.

ಪಶು ಆಸ್ಪತ್ರೆಯ ಡಾಕ್ಟರಮ್ಮ ತೊಡೆ ಹಿಚುಕಿ,
ಬೆರಳ ಸಂದಿ ಚಿವುಟಿ, ರಕ್ತ ತೆಗೆದು ಕಳಿಸಿ,
ಎಂಟು ದಿನದ ಮೇಲೆ ಅಂದರು:
‘ಹುಳ ಅನ್ನೋವಷ್ಟೂ ದೊಡ್ಡದಲ್ಲರೀ ಇದು.
ಸೂಜಿಗಣ್ಣಿನಾಗ ಸಾವಿರ ಹಿಡೀತಾವ.
ನರಕ್ಕ, ಸ್ನಾಯುಕ್ಕ ಇಳಿದಾವ. ತಾಯಿ ಹೊಟ್ಟ್ಯಾಗೇ ಬಂದಿರ್ತಾವ.
ತಾಯಿ ಆರಾಮೇ ಇರ್ತದ.
ಹಸಿ ಮಾಂಸ ಏನರ ತಿಂದಿತ್ತೇನು ಅದು? ದನದ ಕಸ?’

ಕಸ.
ನಮ್ಮ ಆಕಳು ಏಳನೆಯ ತಿಂಗಳಿಗೆ ಕಂದು ಹಾಕಿದ ರಾತ್ರಿ.
ಹುಲ್ಲಲ್ಲಿ ಸುತ್ತಿ ಆಲಕ್ಕೆ ಕಟ್ಟುತ್ತಿದ್ದಳು ಅವ್ವ;
ಆ ಆಲ ರಸ್ತೆ ಅಗಲಕ್ಕೆ ಹೋಗಿ ವರುಷವಾಗಿತ್ತು.
ಗೋಡೆಯಾಚೆ ಚೆಲ್ಲಿದೆ.
ಕೆಂಚಿ ಬಂತು. ಬಸುರಿ, ತಿನ್ನಲಿ ಅಂದುಕೊಂಡು
ಅದು ತಿನ್ನುವ ತನಕ ಟಾರ್ಚು ಹಿಡಿದು ನಿಂತೆ,
ಪುಣ್ಯ ಬಂತು ಅಂತ ಮಲಗಿದೆ.

‘ಇಲ್ಲರೀ,’ ಅಂದೆ ಡಾಕ್ಟರಮ್ಮನಿಗೆ.

ಮಾತ್ರೆ ದಿನಕ್ಕೆ ಎರಡು ಸಲ, ಬೆಲ್ಲದಲ್ಲಿಟ್ಟು ಉಗುಳಿತು,
ಮೊಟ್ಟೆಯಲ್ಲಿಟ್ಟು ನುಂಗಿತು.
ಖಾಜಾಬಿ ಸೈಜು ಇಪ್ಪತ್ತೆಂಟರ ಸೊಂಟಪಟ್ಟಿ ಕತ್ತರಿಸಿ
ಹೊಟ್ಟೆಯಡಿ ಜೋಲಿ ಹೊಲಿದಳು, ಡಬಲ್ ಹೊಲಿಗೆ,
ಹಿಡಿದೆತ್ತಿ ಗಲ್ಲಿಯುದ್ದ ನಡೆಸುತ್ತಾಳೆ
ನಮಾಜಿನ ಹೊತ್ತಿಗೆ ಮಿಷಿನು ನಿಂತಾಗ.
ಎಡಗಾಲು ಈಚೆಗೆ ಒಂದಿಷ್ಟು ಬಾಗುತ್ತದೆ.
ಬಲಗಾಲು ಇಲ್ಲ.
‘ಇನ್ನು ಬಾಗೂದಿಲ್ಲ ಬಿಡ್ರಿ,’ ಅಂದಿದ್ದಾರೆ ಡಾಕ್ಟರಮ್ಮ.

ಕೆಂಚಿಗೆ ಮೊನ್ನೆ ಆಪರೇಶನ್ ಮಾಡಿಸಿದೆ, ನನ್ನದೇ ದುಡ್ಡು.
‘ಇಷ್ಟು ಒಳ್ಳೆಯವ ಯಾವಾಗಾದಿ ಜಂಬಣ್ಣಾ?’
ಖಾಜಾಬಿ ಕೇಳಿದಳು.
ಬಾಬಿನ್ ಬದಲಿಸುತ್ತ ಕೂತೆ.
ಕಾಲಡಿಗೆ ಗುಂಡಿ ತೆವಳಿ ಬಂದು
ನನ್ನ ಹೆಬ್ಬೆರಳು ನೆಕ್ಕಿತು,
ಪೆಡಲು ಒತ್ತುವುದಾಗಲಿಲ್ಲ.