ಕಾಲಿಮ್ನೋಸಿನಲ್ಲಿ ಒಂದು ಕ್ರಿಯಾಪದ

ಜುಲೈ. ಟ್ಯೂಷನ್ ಕೋಣೆಯ ಫ್ಯಾನು
ಬಿಸಿಗಾಳಿಯನ್ನೇ ಮಗುಚಿ ಹಾಕುತ್ತಿದೆ.
ಇವತ್ತು ಸೆವಾಸ್ತಿ ಒಬ್ಬಳೇ. ಕೂದಲಲ್ಲಿನ್ನೂ ಸಮುದ್ರದುಪ್ಪು.
ಬರೆ, ಎಂದೆ. ಸುನ್: ಜೊತೆ, ಕೂಡ.
ಗಿಗ್ನೋಸ್ಕೋ: ಅರಿಯುತ್ತೇನೆ.
ಮೊದಲಿಗೊಂದು ಗಿ ಯಾಕೆ ಟೀಚರ್?
ಅರಿವು ಬಾಯಿ ತೆರೆವ ಮುಂಚೆ ಒಮ್ಮೆ ತೊದಲುತ್ತದೆ, ಅದಕ್ಕೆ.
(ಪರೀಕ್ಷೆಯಲ್ಲಿ ದ್ವಿರುಕ್ತಿ ಅಂತ ಬರೆ, ಸಾಕು.)

ಈಗ ಎರಡನ್ನೂ ಕೂಡಿಸು.
ಗ ಎದುರಾದದ್ದೇ ನ ನಾಲಿಗೆಯ ತುದಿ ಬಿಟ್ಟು
ಗಂಟಲ ಬಾಗಿಲಿಗೆ ಸರಿಯುತ್ತದೆ,
ತನ್ನ ಅಕ್ಷರ ಕಳಚಿಟ್ಟು
ಪಕ್ಕದವನ ಅಕ್ಷರ ತೊಟ್ಟು ನಿಲ್ಲುತ್ತದೆ.
ಸುಂಗಿಗ್ನೋಸ್ಕೋ.
ಜೊತೆಗೆ ಅರಿಯುತ್ತೇನೆ. ಅಂದರೆ ಒಪ್ಪುತ್ತೇನೆ.
ಅಂದರೆ, ಕ್ಷಮಿಸುತ್ತೇನೆ.

ನಮ್ಮ ಸಿಗ್ನೋಮಿ ಇದರದ್ದೇ ಮಗುವಾ? ಅವಳಿಗೆ ನಗು.
ಹೌದು. ಬಸ್ಸಲ್ಲಿ ಕಾಲು ತುಳಿದವರು,
ಚಿಲ್ಲರೆಯಿಲ್ಲದ ಅಂಗಡಿಯವರು
ದಿನಕ್ಕೆ ನೂರು ಸಲ ಕೈಬದಲಿಸಿ ಸವೆಸಿದ ನಾಣ್ಯ.

ಕಿಟಕಿಯ ಕೆಳಗೆ ಕಾಫಿ ಅಂಗಡಿ.
ಈ ತುದಿಯಲ್ಲಿ ಅವಳಜ್ಜ ಸಕೆಲ್ಲಾರಿಸ್, ಎರಡು ಊರುಗೋಲು.
ಆ ತುದಿಯಲ್ಲಿ ಅಜ್ಜನ ತಮ್ಮ ನೊಮಿಕೋಸ್.
ನಡುವೆ ಏಳು ಮೇಜು, ಐವತ್ತೆಂಟು ವರ್ಷ.
ಸ್ಪಂಜು ಕೀಳಲು ಮೂವತ್ತು ಮಾರು ಆಳದಲ್ಲಿ ಅಣ್ಣ,
ದೋಣಿಯಲ್ಲಿ ತಮ್ಮ, ಕೈಯಲ್ಲಿ ಹಗ್ಗ.
ಹಗ್ಗ ಒಮ್ಮೆ ಜಗ್ಗಿತು.
ಒಮ್ಮೆ ಅಂದರೆ ನಿಧಾನ ಎಂದೋ, ಬೇಗ ಎಂದೋ,
ಇಬ್ಬರೂ ಇಂದಿಗೂ ಬೇರೆ ಬೇರೆ ಹೇಳುತ್ತಾರೆ.
ತಮ್ಮ ಬೇಗ ಎಳೆದ.
ಮೇಲೆ ಬಂದ ಕಾಲುಗಳಿಗೆ ನೆಲದ ಗುರುತು ಸಿಗಲಿಲ್ಲ.

ಭೂತಕಾಲದಲ್ಲಿ ಏನಾಗುತ್ತೆ ಟೀಚರ್?
ನಡುವೆ ಒಂದು ಎ ಬಂದು ಕೂರುತ್ತದೆ.
ಸುನ್, ಎ, ಗ್ನೋನ್.
ತೊದಲು ಹೋಗುತ್ತದೆ. ಆದರೆ ನ ಮತ್ತೆ ನ,
ಗ ಆಚೆ ದಡದಲ್ಲಿ.
ಕ್ಷಮಿಸಿದೆ ಅನ್ನುವಾಗಲೂ?
ಆಗಲೂ.
ನಾನು ಸ್ಪಂಜು ಹಿಂಡಿ ಹಲಗೆ ಒರೆಸಿದೆ.
ಈ ಕಡಲಿನದೇ ಸ್ಪಂಜು, ಅಂಚು ಹರಿದದ್ದು;
ಅಂಗಡಿಯದು ಇಷ್ಟು ನೀರು ಹಿಡಿಯುವುದಿಲ್ಲ.

ಸೋಮವಾರ ಬಂದಳು. ಅಜ್ಜನಿಗೆ ಹೇಳಿದೆ, ಎಂದಳು.
ಎರಡನ್ನೂ ಮೂರು ಮೂರು ಸಲ ಹೇಳಿಸಿದನಂತೆ.
ಆಮೇಲೆ, ಎರಡನೆಯದು ಬೇಡ,
ಆ ತೊದಲುವುದನ್ನು ಇನ್ನೊಮ್ಮೆ ಹೇಳು, ಅಂದನಂತೆ.

ಆಮೇಲೆ?
ನಾನು ಕಿಟಕಿಯಿಂದ ಮೇಜು ಎಣಿಸುತ್ತಿದ್ದೆ. ಏಳು.
ಆಮೇಲೇನು ಟೀಚರ್,
ಮೀನು ತಿಂದು ಮಲಗಿದ.